ಓದುಗರ ಪ್ರಶ್ನೆ: ಮಂಗಳ ಗ್ರಹಕ್ಕೆ ಹೋದರೆ ಮನುಕುಲ ಉಳಿದೀತೆ?

ಚಂದ್ರಯಾನ-3 ಇಳಿದ ಮೇಲೆ ಈ ಅಂಕಣಕ್ಕೆ ಬಾಹ್ಯಾಕಾಶದ ಪ್ರಶ್ನೆಗಳೇ ಹೆಚ್ಚು. ರಾಕೆಟ್ ಹೇಗೆ ಹಾರುತ್ತದೆ, ಮಂಗಳ ಯಾಕೆ ಕೆಂಪು ಎಂಬುದೆಲ್ಲ ಹೈಸ್ಕೂಲ್ ಪುಸ್ತಕದಲ್ಲಿದೆ, ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ (ಕಾರವಾರ): ಕ್ಷುದ್ರಗ್ರಹ ಬಡಿದೋ ಅಣುಯುದ್ಧವಾಗಿಯೋ ಭೂಮಿ ಹಾಳಾದರೆ ಮನುಷ್ಯರು ಎಲ್ಲಾದರೂ ಉಳಿಯಬೇಕಲ್ಲ. ಅದಕ್ಕಾಗಿ ಮಂಗಳದಲ್ಲಿ ಈಗಲೇ ಒಂದು ಊರು ಕಟ್ಟುವುದು ಬುದ್ಧಿವಂತಿಕೆ ಅಲ್ಲವೇ?

ಇದೇ ಪ್ರಶ್ನೆ ಬೇರೆ ಬೇರೆ ಅಂಗಿ ತೊಟ್ಟು ತಿಂಗಳು ತಿಂಗಳೂ ಬರುತ್ತಿದೆ. ಈ ಸಲ ಹೆಚ್ಚಿನ ಜಾಗ ಇದಕ್ಕೇ ಕೊಟ್ಟು ಮುಗಿಸಿಬಿಡುತ್ತೇನೆ.

ಎಲ್ಲರೂ ಕೇಳುವುದು ಅಲ್ಲಿಗೆ ಹೋಗಲು ಆಗುತ್ತದೆಯೇ ಅಂತ. ಆಗುತ್ತದೆ, ಇಂದಲ್ಲ ನಾಳೆ ಯಾರಾದರೂ ಹೋಗಿಯೇ ಹೋಗುತ್ತಾರೆ. ಆದರೆ ನೀವು ಕೇಳುತ್ತಿರುವುದು ಭೂಮಿ ಹಾಳಾದ ಮೇಲಿನ ಮಾತು. ಹಾಗಿದ್ದರೆ ಲೆಕ್ಕಕ್ಕೆ ಬರುವುದು ಒಂದೇ: ಭೂಮಿಯಿಂದ ನೌಕೆ ಬರುವುದು ನಿಂತ ಮೇಲೆ ಅಲ್ಲಿರುವವರು ಎಷ್ಟು ಕಾಲ ಬದುಕುತ್ತಾರೆ? ಇಲ್ಲಿಂದ ಹೋಗುವ ಸಾಮಾನಿನ ಮೇಲೆ ನಿಂತ ನೆಲೆ ಭೂಮಿಯ ಜೊತೆಗೇ ಮುಳುಗುತ್ತದೆ, ಒಂದೆರಡು ವರ್ಷ ತಡವಾಗಿ ಅಷ್ಟೆ.

ಈಗ ನಮ್ಮ ಕೈಯಲ್ಲಿರುವುದೇನು ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರಿನಿಂದ ಮನುಷ್ಯರು ಇದ್ದೇ ಇದ್ದಾರೆ. ಅದು ತಲೆಯ ಮೇಲೆ ಬರೀ 400 ಕಿಲೋಮೀಟರು. ಅಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಶುದ್ಧಮಾಡಿ ಕುಡಿಯುತ್ತಾರೆ. 98 ಶೇಕಡಾ ನೀರು ವಾಪಸ್ ಸಿಗುವ ಮಟ್ಟ ಮುಟ್ಟಿದ್ದು 2023ರಲ್ಲಿ. ಆಮ್ಲಜನಕದ ಕಥೆ ಅಷ್ಟು ಚೆನ್ನಾಗಿಲ್ಲ. ಉಸಿರಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡನ್ನು ಹೈಡ್ರೋಜನ್ ಜೊತೆ ಸೇರಿಸಿ ನೀರು ಮಾಡಿ, ಆ ನೀರನ್ನು ಒಡೆದು ಆಮ್ಲಜನಕ ತೆಗೆಯುತ್ತಾರೆ. ಸಬಾತಿಯೇ ಎಂಬ ಈ ವಿಧಾನದಲ್ಲಿ ಜೊತೆಗೇ ಹುಟ್ಟುವ ಮಿಥೇನನ್ನು ಹೊರಗೆ ಚೆಲ್ಲಬೇಕಾಗುತ್ತದೆ. ಅದರ ಜೊತೆ ಹೈಡ್ರೋಜನ್ ಕೂಡ ಹೋಗುವುದರಿಂದ ವಾಪಸ್ ಸಿಗುವುದು ಅರ್ಧದಷ್ಟು ಆಮ್ಲಜನಕ ಮಾತ್ರ. ಊಟ? ಒಂದಿಷ್ಟು ಸೊಪ್ಪು ಬಿಟ್ಟರೆ ಎಲ್ಲವೂ ಕೆಳಗಿಂದಲೇ.

ಇಂಥ ಯಂತ್ರ ಹೇಗೆ ಕೈಕೊಡುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಮೂತ್ರ ಶುದ್ಧೀಕರಿಸುವ ಯಂತ್ರವನ್ನು 2008ರ ಕೊನೆಗೆ ನಿಲ್ದಾಣಕ್ಕೆ ಒಯ್ದರು. ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಅದು ಸರಿಯಾಗಿಯೇ ಇತ್ತು. ವರ್ಷದೊಳಗೆ ಬಟ್ಟಿ ಇಳಿಸುವ ಭಾಗ ಕಟ್ಟಿಕೊಂಡಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಕ್ಯಾಲ್ಸಿಯಂ ಸಲ್ಫೇಟಿನ ಹರಳು. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ ಕರಗುತ್ತದೆ, ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಕೆಡದಂತೆ ಹಾಕುತ್ತಿದ್ದ ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿ ಅದು ಗಟ್ಟಿಯಾಗಿ ಕೂತಿತ್ತು. ತಾತ್ಕಾಲಿಕವಾಗಿ ನೀರು ಹಿಂಡುವ ಪ್ರಮಾಣವನ್ನೇ ಇಳಿಸಿದರು, ಆಮೇಲೆ ಫಾಸ್ಫಾರಿಕ್ ಆಮ್ಲಕ್ಕೆ ಬದಲಾಯಿಸಿದರು. ಬದಲಿ ಭಾಗ ಹೋದದ್ದು ಕೆಳಗಿಂದ, ಆಮ್ಲ ಹೋದದ್ದೂ ಕೆಳಗಿಂದ. ಮಂಗಳಕ್ಕೆ ನೌಕೆ ಹೊರಡಲು ಅನುಕೂಲವಾದ ಸಮಯ ಬರುವುದು 26 ತಿಂಗಳಿಗೊಮ್ಮೆ, ಆಮೇಲೆ ದಾರಿಗೆ ಆರರಿಂದ ಒಂಬತ್ತು ತಿಂಗಳು. ಅಲ್ಲಿಯವರೆಗೆ ಏನು ಕುಡಿಯುವುದು?

ಮಂಗಳದ ಗಾಳಿಯಲ್ಲಿ 95 ಶೇಕಡಾ ಇಂಗಾಲದ ಡೈಆಕ್ಸೈಡ್ ಇದೆ, ಅದರಿಂದಲೇ ಆಮ್ಲಜನಕ ತೆಗೆದಾಗಿದೆ ಎಂದು ಇಬ್ಬರು ಓದುಗರು ಬರೆದಿದ್ದಾರೆ. ನಿಜ. ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ 2021ರಿಂದ 2023ರವರೆಗೆ 16 ಸಲ ಓಡಿತು. ಸುಮಾರು 800 ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುವ ಸೆರಾಮಿಕ್ ಕೋಶಗಳು ಅದರೊಳಗಿದ್ದವು. ಒಟ್ಟು ಸಿಕ್ಕಿದ್ದು 122 ಗ್ರಾಂ ಆಮ್ಲಜನಕ. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಸುಮಾರು 840 ಗ್ರಾಂ. ಅಂದರೆ ಎರಡು ವರ್ಷದ ಫಸಲು ಒಬ್ಬನ ಮೂರೂವರೆ ಗಂಟೆಯ ಉಸಿರು. ಮಾಕ್ಸಿಯನ್ನು ಹಳಿಯುತ್ತಿಲ್ಲ, ಪರೀಕ್ಷೆಯಾಗಿ ಅದು ಪೂರ್ತಿ ಯಶಸ್ವಿ. ಪರೀಕ್ಷೆಯನ್ನೇ ಕಾರ್ಖಾನೆ ಎಂದು ಯೂಟ್ಯೂಬಿನಲ್ಲಿ ಮಾರುವವರ ಮೇಲೆ ನನ್ನ ಸಿಟ್ಟು.

ಯಂತ್ರ ಬೇಡ, ಗಿಡ ಮರ ಬೆಳೆಸಿದರೆ ಗಾಳಿ ತಾನಾಗಿ ಸರಿಹೋಗುತ್ತದೆ ಎನ್ನುವವರು ಬಯೋಸ್ಫಿಯರ್-2ರ ಲೆಕ್ಕ ಓದಬೇಕು. ಅಮೆರಿಕದ ಅರಿಜೋನಾದಲ್ಲಿ ಮೂರು ಎಕರೆಗೂ ತುಸು ಹೆಚ್ಚು ಜಾಗವನ್ನು ಗಾಜು ಉಕ್ಕಿನಿಂದ ಮುಚ್ಚಿ, ಒಳಗೆ ಕಾಡು, ಗದ್ದೆ, ಪುಟ್ಟ ಸಮುದ್ರ ಎಲ್ಲ ಮಾಡಿ 1991ರಲ್ಲಿ ಎಂಟು ಜನರನ್ನು ಎರಡು ವರ್ಷಕ್ಕೆಂದು ಒಳಗೆ ಬಿಟ್ಟರು. ಹದಿನಾರು ತಿಂಗಳಲ್ಲಿ ಆಮ್ಲಜನಕ 20.9 ಶೇಕಡಾದಿಂದ 14.5ರ ಹತ್ತಿರ ಇಳಿಯಿತು, ನಾಲ್ಕು ಸಾವಿರ ಮೀಟರು ಎತ್ತರದ ಬೆಟ್ಟದಲ್ಲಿ ಕೂತ ಹಾಗೆ. ಕಾರಣ ಮಣ್ಣು. ಬೆಳೆ ಚೆನ್ನಾಗಿ ಬರಲೆಂದು ಸಾವಯವ ಅಂಶ ಧಾರಾಳವಾಗಿ ಸೇರಿಸಿದ್ದರು. ಸೊಪ್ಪಿನಬೆಟ್ಟದ ಸೊಪ್ಪು ತಂದು ಗೊಬ್ಬರಗುಂಡಿ ತುಂಬುವ ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೊಳೆಯುವುದೆಲ್ಲ ಉಸಿರಾಡುತ್ತದೆ. ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದನ್ನಾದರೂ ಗಿಡಗಳು ಹೀರಿ ಆಮ್ಲಜನಕ ವಾಪಸ್ ಕೊಡಬೇಕಿತ್ತು; ಒಳಗಿನ ಕಾಂಕ್ರೀಟ್ ಗೋಡೆಗಳು ಅದನ್ನು ಹೀರಿ ಸುಣ್ಣದಕಲ್ಲು ಮಾಡಿಕೊಂಡವು. 1993ರ ಜನವರಿಯಲ್ಲಿ ಹೊರಗಿಂದ ಟ್ಯಾಂಕರಿನಲ್ಲಿ ಆಮ್ಲಜನಕ ತಂದು ತುಂಬಿದರು. ಪರಾಗಸ್ಪರ್ಶದ ಹುಳಗಳು ಸತ್ತವು, ಜಿರಲೆ ಇರುವೆ ಹೆಚ್ಚಿದವು. ಅರ್ಧ ಎಕರೆಯಷ್ಟು ಬೆಳೆ ಜಾಗದಲ್ಲಿ ಎಂಟು ಜನ ಬಹುಪಾಲು ಊಟ ಬೆಳೆದುಕೊಂಡರು, ಎಲ್ಲರೂ ಸೊರಗಿದರು. ಇದೆಲ್ಲ ಪೂರ್ತಿ ಬಿಸಿಲು, ಪೂರ್ತಿ ಗುರುತ್ವ, ಬಾಗಿಲಾಚೆ ಉಸಿರಾಡುವ ಗಾಳಿ ಇದ್ದಲ್ಲಿ. ಮಂಗಳಕ್ಕೆ ಬೀಳುವ ಬಿಸಿಲು ನಮ್ಮ ಅರ್ಧಕ್ಕಿಂತ ಕಡಿಮೆ. 2018ರಲ್ಲಿ ಧೂಳು ಗ್ರಹವನ್ನೇ ಮುಚ್ಚಿದಾಗ ಸೌರಫಲಕ ನಂಬಿದ್ದ ಆಪರ್ಚುನಿಟಿ ರೋವರ್ ಮಲಗಿದ್ದು ಮತ್ತೆ ಏಳಲಿಲ್ಲ.

ಇನ್ನು ಸಂತಾನ. ಕುಲ ಉಳಿಯಬೇಕಾದರೆ ಮಕ್ಕಳಾಗಬೇಕು, ಆ ಮಕ್ಕಳಿಗೂ ಮಕ್ಕಳಾಗಬೇಕು. ಇದುವರೆಗೆ ಒಂದೇ ಒಂದು ಸಸ್ತನಿ ಬಾಹ್ಯಾಕಾಶದಲ್ಲಿ ಗರ್ಭ ಕಟ್ಟಿ ಅಲ್ಲೇ ಹುಟ್ಟಿಲ್ಲ, ಇಲಿಯೂ ಇಲ್ಲ. ಮಂಗಳದ ಗುರುತ್ವ ನಮ್ಮದರ 38 ಶೇಕಡಾ. ಅಷ್ಟು ಗುರುತ್ವದಲ್ಲಿ ಎಲುಬು, ಕಣ್ಣು, ಬಸಿರು ಏನಾಗುತ್ತವೆ ಎಂಬುದಕ್ಕೆ ಮನುಷ್ಯರ ಮಾಹಿತಿಯೇ ಇಲ್ಲ. ಕಡಿಮೆ ಗುರುತ್ವದ ನೆಲದ ಮೇಲೆ ಮನುಷ್ಯ ಅತಿ ಹೆಚ್ಚು ಕಾಲ ಇದ್ದದ್ದು 1972ರಲ್ಲಿ, ಅಪೊಲೊ 17ರವರು ಚಂದ್ರನ ಮೇಲೆ, ಸುಮಾರು 75 ಗಂಟೆ.

ಹಾಗಾದರೆ ಬೇಡವೇ? ಸಂಶೋಧನೆಗೆ ಹೋಗಲಿ, ಖಂಡಿತ ಹೋಗಲಿ. ಉಳಿವಿನ ಹೆಸರು ಹೇಳಿ ದುಡ್ಡು ಕೇಳುವುದಾದರೆ ನನ್ನ ಷರತ್ತು ಇಷ್ಟು. ಮೊದಲು ಭೂಮಿಯ ಮೇಲೆಯೇ ನೂರಾರು ಜನರ ಮುಚ್ಚಿದ ನೆಲೆ ಐದು ವರ್ಷ ನಡೆಯಲಿ. ಒಂದು ವಾಲ್ವು, ಒಂದು ರಬ್ಬರ್ ಸೀಲು, ಒಂದು ಕಂಪ್ಯೂಟರ್ ಚಿಪ್ ಕೂಡ ಹೊರಗಿಂದ ಒಳಗೆ ಹೋಗಬಾರದು. ಕೆಟ್ಟದ್ದನ್ನು ಒಳಗಿನವರೇ ಮಾಡಿಕೊಳ್ಳಬೇಕು. ಜೊತೆಗೆ ಕಕ್ಷೆಯಲ್ಲಿ ತಿರುಗುವ ಯಂತ್ರದೊಳಗೆ 38 ಶೇಕಡಾ ಗುರುತ್ವ ಹುಟ್ಟಿಸಿ ಇಲಿಗಳ ಮೂರು ನಾಲ್ಕು ಪೀಳಿಗೆ ಬೆಳೆಸಿ ನೋಡಲಿ. ಆಮೇಲೆ ಚಂದ್ರ, ಯಾಕೆಂದರೆ ಅಲ್ಲಿಂದ ಮೂರು ದಿನದಲ್ಲಿ ಮನೆಗೆ ಬರಬಹುದು. ಮಂಗಳದ ಸರದಿ ಅದರ ನಂತರ.

ನೀವು ಹೆದರುವ ಕ್ಷುದ್ರಗ್ರಹದ ವಿಷಯಕ್ಕೆ ಅಗ್ಗದ ಮದ್ದಿದೆ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿ, ಅದು ತನ್ನ ದೊಡ್ಡ ಜೊತೆಗಾರನನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿತ ಮಾಡಿತು. ವರ್ಷಗಟ್ಟಲೆ ಮುಂಚೆ ಕಣ್ಣಿಗೆ ಬಿದ್ದರೆ ಅಷ್ಟು ತಳ್ಳಿದರೂ ಸಾಕು, ಹಾಗಾಗಿ ದುಡ್ಡು ದೂರದರ್ಶಕಗಳಿಗೆ ಹೋಗಬೇಕು. ಇನ್ನೊಂದು ಮಾತು: 6.6 ಕೋಟಿ ವರ್ಷದ ಹಿಂದೆ ಡೈನೋಸಾರುಗಳನ್ನು ಅಳಿಸಿದ ಹೊಡೆತದ ಮರುದಿನವೂ ಭೂಮಿಯಲ್ಲಿ ಉಸಿರಾಡಲು ಗಾಳಿಯಿತ್ತು, ಕಡಲಲ್ಲಿ ನೀರಿತ್ತು, ಬಿಲದಲ್ಲಿ ನಮ್ಮ ಪೂರ್ವಜರು ಬದುಕಿದ್ದರು. ಮಂಗಳದ ಅತಿ ಒಳ್ಳೆಯ ದಿನಕ್ಕಿಂತ ಭೂಮಿಯ ಆ ಕೆಟ್ಟ ದಿನವೇ ವಾಸಿ. ಸೂರ್ಯ ಬಿಸಿಯೇರಿ ಕಡಲು ಬತ್ತುವ ಮಾತು ತೆಗೆಯುವವರಿಗೆ: ಅದಕ್ಕೆ ಸುಮಾರು ನೂರು ಕೋಟಿ ವರ್ಷವಿದೆ.

ಪ್ರಶ್ನೆ (ಮಲ್ಲಾಪುರ): ಮಂಗಳದ ಮನೆಗೆ ಸೆಗಣಿ ಸಾರಿಸಿದರೆ ವಿಕಿರಣ ತಡೆಯುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?

ಕೈಗಾ ಅಣುಸ್ಥಾವರದ ಪಕ್ಕದಲ್ಲಿದ್ದುಕೊಂಡು ಇದನ್ನು ಕೇಳುತ್ತೀರಲ್ಲ! ನಮ್ಮಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಕ್ಯೂರಿಯಾಸಿಟಿ ರೋವರ್ ಅಳೆದಂತೆ ಮಂಗಳದ ನೆಲದ ಮೇಲೆ ದಿನಕ್ಕೆ ಸುಮಾರು 0.67, ವರ್ಷಕ್ಕೆ 245ರಷ್ಟು. ದಾರಿಯಲ್ಲಿ ದಿನಕ್ಕೆ 1.8, ಅಂದರೆ ಆರು ತಿಂಗಳಿಗೆ 320 ದಾಟುತ್ತದೆ. ದೂರದ ನಕ್ಷತ್ರಲೋಕದಿಂದ ಬರುವ ಈ ಕಣಗಳನ್ನು ತಡೆಯಲು ತಲೆಯ ಮೇಲೆ ಎರಡು ಮೂರು ಮೀಟರು ದಪ್ಪ ಮಣ್ಣು ಬೇಕು, ಚದರ ಮೀಟರಿಗೆ ಹೆಚ್ಚುಕಡಿಮೆ ನಾಲ್ಕು ಟನ್ನು. ತೆಳ್ಳಗಿನ ಲೋಹದ ಹೊದಿಕೆಯಿಂದ ಕೆಲವೊಮ್ಮೆ ಒಳಗೆ ಹೊಸ ಕಣಗಳೇ ಸಿಡಿಯುತ್ತವೆ. ಸೆಗಣಿಯ ಪದರ ತಡೆಯುವುದು ಆಲ್ಫಾ ಕಣಗಳನ್ನು ಮಾತ್ರ, ಆ ಕೆಲಸವನ್ನು ಈ ಹಾಳೆಯೂ ಮಾಡುತ್ತದೆ.

ಪ್ರಶ್ನೆ (ಕುಮಟಾ): ಮಂಗಳದ ಮಣ್ಣು ಉಪ್ಪು ಎನ್ನುತ್ತಾರೆ. ನಮ್ಮ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಭತ್ತ ಅಲ್ಲಿ ಬೆಳೆಯಬಹುದೇ?

ಒಳ್ಳೆಯ ಪ್ರಶ್ನೆ. ಅಲ್ಲಿಯ ಉಪ್ಪು ಅಘನಾಶಿನಿಯ ಉಪ್ಪಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿ ಕಂಡದ್ದು ಪರ್ಕ್ಲೋರೇಟ್ ಎಂಬ ಬೇರೆಯೇ ಉಪ್ಪು, ಮಣ್ಣಿನ ಅರ್ಧ ಶೇಕಡಾದಷ್ಟು. ಗಿಡ ಅದನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ, ತಿಂದವರ ಥೈರಾಯ್ಡಿಗೆ ಅಯೋಡಿನ್ ಸೇರದಂತೆ ಅದು ತಡೆಯುತ್ತದೆ. ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮಣ್ಣನ್ನು ತೊಳೆಯಬಹುದು. ತೊಳೆದ ನೀರನ್ನು ಆಮ್ಲಜನಕವಿಲ್ಲದ ತೊಟ್ಟಿಯಲ್ಲಿಟ್ಟು, ಅಸಿಟೇಟಿನಂಥ ಆಹಾರ ಕೊಟ್ಟು, ಪರ್ಕ್ಲೋರೇಟ್ ಒಡೆಯುವ ಬ್ಯಾಕ್ಟೀರಿಯಾ ಬಿಡಬೇಕು. ಕೊನೆಗೆ ಉಳಿಯುವುದು ಕ್ಲೋರೈಡ್, ಅಂದರೆ ನಿಮಗೆ ಪರಿಚಯದ ಉಪ್ಪು. ಕಗ್ಗಕ್ಕೆ ಕೆಲಸ ಶುರುವಾಗುವುದು ಅಲ್ಲಿಂದ. ಆದರೂ ಆಳೆತ್ತರದ, ನಿಂತ ನೀರು ಬೇಡುವ ಭತ್ತ ಗಾಳಿಯ ಒತ್ತಡ ಕಾಯ್ದುಕೊಳ್ಳುವ ಗೂಡಿನೊಳಗೆ ದುಬಾರಿ; ಗಿಡ್ಡ ತಳಿಯೇ ಆಗಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು 2025ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿದ್ದು ಮೆಂತ್ಯ ಮತ್ತು ಹೆಸರುಕಾಳು, ಮೊಳಕೆ ಬರಿಸಲು. ಅಷ್ಟು ಸಣ್ಣದರಿಂದಲೇ ಶುರು ಮಾಡಬೇಕು. ಸದ್ಯ ಕಗ್ಗ ಉಳಿಯಬೇಕಾದರೆ ಗಜನಿ ಕಾಯುವ ಮಾಣಿಕಟ್ಟಾದ ಒಡ್ಡು ಗಟ್ಟಿಯಿರಲಿ.

ಪ್ರಶ್ನೆ (ಗೋಕರ್ಣ): ಗ್ರಹಗಳೆಲ್ಲ ಒಂದೇ ಸಾಲಿಗೆ ಬಂದರೆ ಕಡಲು ಉಕ್ಕುತ್ತದೆಯಂತೆ.

ಉಬ್ಬರ ಇಳಿತ ತರುವುದು ಚಂದ್ರ ಸೂರ್ಯರು. ಮಿಕ್ಕ ಗ್ರಹಗಳೆಲ್ಲ ಸೇರಿದರೂ ಚಂದ್ರನ ಹತ್ತು ಸಾವಿರದ ಒಂದು ಪಾಲಿನಷ್ಟೂ ಇಲ್ಲ.

ಪ್ರಶ್ನೆ (ಶಿರಸಿ): ಮಗಳು ಪಿಯುಸಿ. ಮಂಗಳಯಾತ್ರೆಗೆ ತರಬೇತಿ ಎಂದು ಒಂದು ಸಂಸ್ಥೆ ಫೀ ಕೇಳುತ್ತಿದೆ. ಸೇರಿಸಬಹುದೇ?

ಬೇಡ. ಮಂಗಳಕ್ಕೆ ಜನ ಕಳಿಸುತ್ತೇವೆಂದು ಅರ್ಜಿ ಶುಲ್ಕ ವಸೂಲಿ ಮಾಡಿದ ಮಾರ್ಸ್ ಒನ್ 2019ರಲ್ಲಿ ದಿವಾಳಿಯಾಯಿತು. ಆ ದುಡ್ಡಿನಲ್ಲಿ ಗಣಿತದ ಪುಸ್ತಕ ಕೊಡಿಸಿ, ಜೆಇಇ ಅಡ್ವಾನ್ಸ್ಡ್ ಬರೆಸಿ, ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ದಾರಿ ಅದೇ. ಜೀವಶಾಸ್ತ್ರ ಇಷ್ಟವಾದರೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಓದಲಿ. ಮೇಲೆ ಹೇಳಿದ್ದನ್ನೆಲ್ಲ ಓದಿದ್ದರೆ ಯಾಕೆಂದು ಗೊತ್ತಾಗಿರುತ್ತದೆ.

ಪ್ರಶ್ನೆ (ಹೊನ್ನಾವರ): ಚಂದ್ರನ ಮೇಲೆ ಒಂದು ಎಕರೆ ಸೈಟು, ಪ್ರಮಾಣಪತ್ರ ಸಮೇತ. ತಗೊಳ್ಳಲೇ?

ಆಕಾಶಕಾಯಗಳ ಮೇಲೆ ಯಾವ ದೇಶಕ್ಕೂ ಒಡೆತನವಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ, ಭಾರತವೂ ಅದಕ್ಕೆ ಬದ್ಧ. ದೇಶಕ್ಕೇ ಇಲ್ಲದ ಜಾಗವನ್ನು ಏಜೆಂಟ್ ಎಲ್ಲಿಂದ ತಂದು ಕೊಡುತ್ತಾನೆ? ದುಡ್ಡು ಆನ್‌ಲೈನಿನಲ್ಲಿ ಹಾಕಿಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ.