ಓದುಗರ ಪ್ರಶ್ನೆ: ಹಳಿಗೆ ಬಣ್ಣ ಹಿಡಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮಗಳೂ ನಾನೂ ಸೇರಿ ಮನೆಯಲ್ಲಿ ಪುಟ್ಟ ರೈಲು ಮಾದರಿ ಮಾಡುತ್ತಿದ್ದೇವೆ. ಎಚ್‌ಒ ಅಳತೆಯದ್ದು, ಅಂದರೆ ನಿಜವಾದ ರೈಲಿನ ಸುಮಾರು 87ರಲ್ಲಿ ಒಂದು ಭಾಗದಷ್ಟು. ಹೊಸ ಹಳಿ ಪಳಪಳ ಹೊಳೆಯುತ್ತದೆ, ನಿಜವಾದ ಹಳಿಯ ಕಳೆ ಬರುವುದಿಲ್ಲ ಅಂತ ಕಂದು ಬಣ್ಣ ಹೊಡೆದೆವು. ನೀರಿನಲ್ಲಿ ಕಲಸುವ ಅಕ್ರಿಲಿಕ್. ಒಣಗಿದ ಮೇಲೆ ಉಗುರು ತಾಗಿದರೂ ಚಕ್ಕೆ ಏಳುತ್ತದೆ. ಕಂಬಿಯ ಕೆಳಗೆ ಅಡ್ಡಲಾಗಿ ಸಾಲಾಗಿರುವ ಸ್ಲೀಪರ್ ಮೇಲಂತೂ ಉದ್ದಕ್ಕೆ ಪದರವೇ ಎದ್ದು ಬರುತ್ತದೆ. ಇನ್ನೂ ದುಬಾರಿ ಪೇಂಟ್ ತರಿಸಬೇಕಾ?
– ಓದುಗರೊಬ್ಬರು, ಸಾಗರ

ಉತ್ತರ: ದುಬಾರಿ ಪೇಂಟ್ ಬೇಡವೇ ಬೇಡ. ಈಗಿರುವ ಡಬ್ಬಿಯನ್ನೇ ಇಟ್ಟುಕೊಳ್ಳಿ. ಪೇಂಟಿಗೂ ಹಳಿಗೂ ನಡುವೆ ಏನೋ ಕೂತಿದೆ, ಅದನ್ನು ತೆಗೆಯದೆ ಯಾವ ಕಂಪನಿಯ ಬಣ್ಣ ಹೊಡೆದರೂ ಹೀಗೇ ಆಗುತ್ತದೆ. ಕಂಬಿಯ ಮೇಲೆ ಅದು ಎಣ್ಣೆ ಜಿಡ್ಡು, ಮಳೆಗಾಲವಾದರೆ ನೀರಿನ ಪಸೆ. ಸ್ಲೀಪರ್‌ನಲ್ಲಿ ಪ್ಲಾಸ್ಟಿಕ್ಕಿನ ಗುಣವೇ ಹಾಗಿರಬಹುದು.

ಈಗ ಸಿಗುವ ಹೆಚ್ಚಿನ ಮಾದರಿ ಹಳಿಗಳ ಕಂಬಿ ನಿಕ್ಕಲ್ ಸಿಲ್ವರ್‌ನದ್ದು. ತಾಮ್ರ, ನಿಕ್ಕಲ್, ಸತು ಬೆರೆಸಿ ಮಾಡಿದ ಲೋಹ. ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ, ಮೈ ತುಂಬಾ ನುಣುಪು. ಅದರ ಮೇಲೆ ಜೋಡಿಸುವಾಗ ತಾಗಿದ ಬೆರಳಿನ ಜಿಡ್ಡು ಸೇರುತ್ತದೆ. ವಯರ್ ಬೆಸುಗೆ ಹಾಕಿದ್ದರೆ ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಕೂಡ ಉಳಿದಿರುತ್ತದೆ, ಬೆಸುಗೆಯ ಹತ್ತಿರವೇ ಬಣ್ಣ ಮೊದಲು ಏಳುತ್ತಿದೆಯಾ ನೋಡಿ, ಹೌದಾದರೆ ಅದೇ ಕಾರಣ. ಆದ್ದರಿಂದ ಹಳೆ ಟೂತ್ ಬ್ರಷ್ ತೆಗೆದುಕೊಂಡು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳಿಯನ್ನು ಚೆನ್ನಾಗಿ ತಿಕ್ಕಿ ತೊಳೆಯಿರಿ. ಪೂರ್ತಿ ಒಣಗಲಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿ, ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ. ಅದಾದ ಮೇಲೆ ಕಂಬಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಎನ್‌ಸಿ ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರಾವಣ ಇವುಗಳಿಂದ ಒರೆಸಬೇಡಿ, ಕೆಲವು ಜಾತಿಯ ಪ್ಲಾಸ್ಟಿಕ್ ಕರಗಿಯೇ ಹೋಗುತ್ತದೆ.

ಇನ್ನು ಸ್ಲೀಪರ್. ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಪಾಲಿಸ್ಟೈರೀನ್, ಎಬಿಎಸ್ ಇವುಗಳಿಗೆ ಬಣ್ಣ ಸುಲಭವಾಗಿ ಹಿಡಿಯುತ್ತದೆ. ಪಾಲಿಪ್ರೊಪಿಲೀನ್, ಪಾಲಿಥೀನ್‌ಗೆ ನೇರವಾಗಿ ಹೊಡೆದರೆ ಬಣ್ಣ ಅಂಟುವುದಿಲ್ಲ, ಅಂಟಿದರೂ ನಿಲ್ಲುವುದಿಲ್ಲ. ನಿಮ್ಮದು ಯಾವುದು ಅಂತ ಮನೆಯಲ್ಲೇ ತಿಳಿಯಬಹುದು. ಹಳಿಯ ತುದಿಯಿಂದ ಒಂದು ಸ್ಲೀಪರ್‌ನ ಚೂರು ಕತ್ತರಿಸಿ. ಒಂದು ಲೋಟ ನೀರಿಗೆ ಒಂದೇ ಒಂದು ಹನಿ ಸೋಪು ಹಾಕಿ, ಚೂರನ್ನು ಬೆರಳಿನಿಂದ ನೀರೊಳಗೆ ಅದುಮಿ ಬಿಡಿ. ಸೋಪು ಯಾಕೆಂದರೆ, ಇಲ್ಲದಿದ್ದರೆ ಮುಳುಗಬೇಕಾದ ಚೂರೂ ನೀರಿನ ಮೇಲ್ಪದರದ ಬಿಗಿತದಿಂದ ಸುಮ್ನೆ ಮೇಲೆ ನಿಂತುಬಿಡುತ್ತದೆ. ಮತ್ತೆ ತೇಲಿ ಮೇಲೆ ಬಂದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್, ಇವೆರಡೂ ನೀರಿಗಿಂತ ಹಗುರ. ಪಾಲಿಸ್ಟೈರೀನ್, ಎಬಿಎಸ್ ಮುಳುಗುತ್ತವೆ. ಮುಳುಗಿದರೂ ಚೂರು ಜಾರುಜಾರಾಗಿದ್ದು, ಬಗ್ಗಿಸಿದರೆ ಮುರಿಯದೆ ಬಳುಕುವಂತಿದ್ದರೆ ಅದನ್ನೂ ತೇಲಿದವುಗಳ ಪಟ್ಟಿಗೇ ಸೇರಿಸಿ.

ತೇಲಿದರೆ ಏನು ಮಾಡಬೇಕು? ಪ್ಲಾಸ್ಟಿಕ್ ಪ್ರೈಮರ್ ಬೇಕು. ಕಾರಿನ ಬಂಪರ್ ಹೆಚ್ಚಾಗಿ ಪಾಲಿಪ್ರೊಪಿಲೀನ್‌ನದ್ದೇ, ಅದಕ್ಕೆ ಗ್ಯಾರೇಜಿನ ಪೇಂಟರ್‌ಗಳು ದಿನಾ ಬಣ್ಣ ಹೊಡೆಯುತ್ತಾರೆ ಅಲ್ವಾ? ಅವರು ಮೊದಲು ಹೊಡೆಯುವ ಪ್ರೈಮರ್ ಇದೇ. ಶಿವಮೊಗ್ಗಕ್ಕೆ ಬಂದಾಗ ವಾಹನದ ಪೇಂಟ್ ಮಾರುವ ಅಂಗಡಿಯಲ್ಲಿ ವಿಚಾರಿಸಿ. ಸ್ಲೀಪರ್‌ನ ಮೈಯನ್ನು 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಆಮೇಲೆ ಪ್ರೈಮರ್ ತೆಳುವಾಗಿ ಹೊಡೆಯಿರಿ.

ಕಂಬಿಗೆ ನನ್ನ ಆಯ್ಕೆ ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್. ಗೇಟಿಗೆ ಹೊಡೆಯುವುದೇ. ಎಣ್ಣೆ ಆಧಾರದ ಬಣ್ಣ ಲೋಹವನ್ನು ಅಕ್ರಿಲಿಕ್‌ಗಿಂತ ಗಟ್ಟಿಯಾಗಿ ಹಿಡಿಯುತ್ತದೆ, ಮೇಲಾಗಿ ಇದರ ಬಣ್ಣ ಬರುವುದೇ ಐರನ್ ಆಕ್ಸೈಡ್‌ನಿಂದ, ಅಂದರೆ ತುಕ್ಕಿನ ಜಾತಿಯದ್ದೇ. ಟರ್ಪಂಟೈನ್ ಬೆರೆಸಿ, ಕುಂಚದಿಂದ ತಾನಾಗಿ ಹರಿಯುವಷ್ಟು ತೆಳು ಮಾಡಿ. ದಪ್ಪ ಒಂದು ಸಲ ಹೊಡೆಯುವುದಕ್ಕಿಂತ ತೆಳುವಾಗಿ ಎರಡು ಸಲ ಹೊಡೆಯುವುದೇ ಸರಿ; ದಪ್ಪ ಪದರ ಬೇಗ ಸುಲಿಯುತ್ತದೆ, ಕಂಬಿ ಹಿಡಿದಿರುವ ಪುಟ್ಟ ಕ್ಲಿಪ್‌ಗಳ ಆಕಾರವೂ ಅದರಡಿ ಮುಚ್ಚಿಹೋಗುತ್ತದೆ. ಇದು ಪೂರ್ತಿ ಒಣಗಿದ ಮೇಲೆ ನಿಮ್ಮ ಅಕ್ರಿಲಿಕ್ ಕಂದು ಹೊಡೆಯಿರಿ. ಬರೀ ರೆಡ್ ಆಕ್ಸೈಡ್ ಬಿಟ್ಟರೆ ಜಾಸ್ತಿ ಕೆಂಪು ಕಾಣುತ್ತದೆ. ತಾಳಗುಪ್ಪ ನಿಮಗೆ ಹತ್ತಿರವೇ ತಾನೇ, ಮಗಳನ್ನು ಕರೆದುಕೊಂಡು ಹೋಗಿ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ರೈಲು ದಿನಾ ಓಡಾಡುವ ಹಳಿಯ ಪಕ್ಕ ಗಾಢ ಕಂದಾಗಿರುತ್ತದೆ, ಗಾಡಿ ಅಪರೂಪಕ್ಕೆ ಬರುವ ಹಳಿ ಕೆಂಪಗಿರುತ್ತದೆ. ಈಗ ಅಲ್ಲಿರುವುದು ಎರಡು ಕಂಬಿಗಳ ನಡುವೆ 1676 ಮಿಲಿಮೀಟರ್ ಅಂತರವಿರುವ ಬ್ರಾಡ್ ಗೇಜ್, ಕಾಂಕ್ರೀಟ್ ಸ್ಲೀಪರ್, ಬೂದು ಬಣ್ಣ. ಮರದ ಸ್ಲೀಪರ್ ಅಂತ ತೋರಿಸುವ ಕಂದು ಬೇಕಿದ್ದರೆ ಹಳೆಯ ಮೀಟರ್ ಗೇಜ್ ಕಾಲಕ್ಕೆ ಹೊಂದುತ್ತದೆ. ಎಚ್‌ಒ ಹಳಿಯ 16.5 ಮಿಲಿಮೀಟರ್ ಅಗಲ ನಿಜವಾಗಿ 1435 ಮಿಲಿಮೀಟರ್ ಸ್ಟ್ಯಾಂಡರ್ಡ್ ಗೇಜ್‌ನ ಲೆಕ್ಕದ್ದು, ಆದರೂ ಬಣ್ಣ ಸರಿ ಕೂತರೆ ನೋಡುವವರ ಕಣ್ಣು ಅಗಲ ಅಳೆಯಲು ಹೋಗುವುದಿಲ್ಲ.

ಮಳೆಯ ವಿಷಯ ಹೇಳದಿದ್ದರೆ ಮಲೆನಾಡಿನವರಿಗೆ ಈ ಉತ್ತರ ಪೂರ್ತಿಯಾಗದು. ಜುಲೈಯಲ್ಲಿ ಗೋಡೆಯೇ ಬೆವರುವಾಗ ಕಂಬಿಯ ಮೇಲೂ ಕಣ್ಣಿಗೆ ಕಾಣದ ಪಸೆ ಇರುತ್ತದೆ. ಬಣ್ಣ ಹೊಡೆಯುವ ಮೊದಲು ಹೇರ್ ಡ್ರೈಯರ್‌ನಿಂದ ಹಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ. ಸ್ಪ್ರೇ ಡಬ್ಬಿಯನ್ನು ಅಂಥ ದಿನ ಮುಟ್ಟಲೇಬೇಡಿ, ಬಣ್ಣ ಬಿಳಿಚಿಕೊಳ್ಳುತ್ತದೆ. ಎಣ್ಣೆ ಬಣ್ಣ ಒಣಗಲು ಬೇಸಿಗೆಗಿಂತ ಜಾಸ್ತಿ ದಿನ ಹಿಡಿಯುತ್ತದೆ, ಕಾಯಿರಿ. ಬೇಗ ಒಣಗಲಿ ಅಂತ ಬಚ್ಚಲೊಲೆಯ ಹತ್ತಿರ ಇಡುವುದು ಮಾತ್ರ ಬೇಡ, ಟರ್ಪಂಟೈನ್ ಆವಿಗೆ ಬೆಂಕಿ ಹತ್ತುತ್ತದೆ.

ಕೆಲಸದ ಸರದಿಯೂ ಮುಖ್ಯ. ಬೆಸುಗೆ ಮೊದಲು, ತಿರುವಿಗೆ ಬಗ್ಗಿಸಿ ಹಲಗೆಗೆ ಕೂರಿಸುವುದು ಆಮೇಲೆ, ಬಣ್ಣ ಕೊನೆಗೆ, ಜಲ್ಲಿ ಅದಕ್ಕೂ ಆಮೇಲೆ. ಬಣ್ಣ ಹೊಡೆದು ಹಳಿ ಬಗ್ಗಿಸಿದರೆ ಎಷ್ಟು ಗಟ್ಟಿ ಹಿಡಿದ ಪದರವೂ ಬಿರಿಯುತ್ತದೆ. ಎಲ್ಲ ಒಣಗಿದ ಮೇಲೆ ಒಂದು ಮೂಲೆಯಲ್ಲಿ ಸೆಲೋ ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆಯಿರಿ. ಟೇಪಿಗೆ ಬಣ್ಣ ಬರಲಿಲ್ಲ ಅಂದರೆ ಉಳಿದ ಹಳಿಗೂ ಧೈರ್ಯವಾಗಿ ಮುಂದುವರಿಯಿರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ನೀರು) ಬೇಕಾದಷ್ಟಿದೆ. ಸ್ಲೀಪರ್‌ಗೆ ಅದನ್ನೇ ಹಚ್ಚಿದರೆ ಆಗುತ್ತದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ, ಹೀರಿಕೊಳ್ಳುವ ಮೈ ಅದಕ್ಕಿಲ್ಲ. ಮರದ ಪಟ್ಟಿ ಸೀಳಿ ನೀವೇ ಸ್ಲೀಪರ್ ಮಾಡುವುದಾದರೆ ಬಹಳ ಚೆನ್ನಾಗಿ ಆಗುತ್ತದೆ! ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ತುಂಬಾ ಇದೆ. ಹಸಿ ಅಡಿಕೆ ಸುಲಿದರೆ ಕೈಯೂ ಮೆಟ್ಟುಗತ್ತಿಯೂ ಕಪ್ಪಾಗುವುದು ನಿಮಗೆ ಗೊತ್ತೇ ಇದೆ, ಕತ್ತಿ ಕಪ್ಪಾಗುವುದು ಟ್ಯಾನಿನ್ ಕಬ್ಬಿಣದ ಜೊತೆ ಸೇರಿದಾಗ. ಅದನ್ನೇ ಇಲ್ಲಿ ಬಳಸಿಕೊಳ್ಳಿ. ಸತು ಲೇಪನ ಇಲ್ಲದ ನಾಲ್ಕಾರು ಕಬ್ಬಿಣದ ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿ, ಮುಚ್ಚಳ ಸಡಿಲವಾಗಿರಲಿ, ಗ್ಯಾಸ್ ಬರುತ್ತದೆ. ಸ್ಲೀಪರ್‌ಗಳಿಗೆ ಮೊದಲು ನೀರು ಬೆರೆಸಿದ ಚೊಗರು ಹಚ್ಚಿ ಒಣಗಿಸಿ, ಮೇಲೆ ಈ ವಿನೆಗರ್ ಸವರಿ. ಕೆಂಗಂದು ಬಣ್ಣ ನೋಡನೋಡುತ್ತಲೇ ಕಪ್ಪಿಗೆ ತಿರುಗುತ್ತದೆ, ಥೇಟ್ ಹಳೆಯ ಮರದ ಸ್ಲೀಪರ್. ಬಣ್ಣ ಮರದೊಳಗೇ ಇಳಿದಿರುವುದರಿಂದ ಚಕ್ಕೆ ಏಳುವ ಪ್ರಶ್ನೆಯೇ ಇಲ್ಲ. ಕಂಬಿ ಜೋಡಿಸುವ ಮೊದಲೇ ಇದನ್ನು ಮುಗಿಸಿಕೊಳ್ಳಿ, ವಿನೆಗರ್ ಲೋಹಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಬಣ್ಣ ಚೆನ್ನಾಗಿ ಹಿಡಿದಿದೆ. ಈಗ ಇಂಜಿನ್ನೇ ಓಡುತ್ತಿಲ್ಲ, ಹಳಿ ಕವಲೊಡೆಯುವ ಪಾಯಿಂಟ್ಸ್ ಹತ್ತಿರ ಬಂದು ನಿಂತುಬಿಡುತ್ತದೆ.
– ಓದುಗರೊಬ್ಬರು, ಭದ್ರಾವತಿ

ಉತ್ತರ: ಇಂಜಿನ್‌ಗೆ ಕರೆಂಟ್ ಬರುವುದು ಕಂಬಿಯ ನೆತ್ತಿಯಿಂದ. ಅಲ್ಲಿ ಬಣ್ಣ ಉಳಿದರೆ ಕರೆಂಟ್ ಹರಿಯುವುದಿಲ್ಲ. ಮರದ ತುಂಡಿಗೆ ಸ್ಪಿರಿಟ್ ಬಟ್ಟೆ ಸುತ್ತಿ ನೆತ್ತಿಯನ್ನೂ ಒಳಬದಿಯ ಮೇಲಂಚನ್ನೂ ಉಜ್ಜಿ. ಒರಟು ಉಪ್ಪುಕಾಗದ ಬೇಡ, ಗೀರುಗಳಲ್ಲಿ ಕೊಳೆ ಕೂರುತ್ತದೆ. ಪಾಯಿಂಟ್ಸ್‌ನಲ್ಲಿ ಸರಿದಾಡುವ ನಾಲಗೆ ಪಕ್ಕದ ಕಂಬಿಗೆ ತಾಗುವ ಜಾಗ, ಅದರ ಬುಡದ ಕೀಲು, ಈ ಎರಡು ಕಡೆ ಬಣ್ಣ ಹೋಗಿರುವುದೇ ನಿಮ್ಮ ತೊಂದರೆ ಇರಬೇಕು. ಬೆಂಕಿಕಡ್ಡಿಯ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಲ್ಲಿಷ್ಟನ್ನೇ ಕೆರೆದು ತೆಗೆಯಿರಿ. ಮುಂದಿನ ಸಲ ಬಣ್ಣ ಹೊಡೆಯುವಾಗ ಆ ಜಾಗಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಕಂಬಿಯ ನೆತ್ತಿಯನ್ನು ಬಣ್ಣ ಹಸಿ ಇರುವಾಗಲೇ ಒರೆಸಿಬಿಡಿ.