ವಿವಾಲ್ಡಿಯ ಎರಡು ಪಿಟೀಲಿನ ಸಾಲುಗಳನ್ನು ಒಂದೇ ಗಿಟಾರ್‌ಗೆ ಹೇರಬೇಡಿ

ವಿವಾಲ್ಡಿಯ ‘ಬೇಸಿಗೆ’ ಎಂಬ ಪಿಟೀಲು ಕನ್ಸರ್ಟೊದ ಮೂರನೇ, ಅಂದರೆ ಬಿರುಗಾಳಿಯ ಭಾಗ, ಎರಡೂ ಪಿಟೀಲಿನ ಸಾಲು ಒಂದೇ ಗಿಟಾರ್‌ನಲ್ಲಿ, ಡಿಸ್ಟಾರ್ಷನ್ (ಗಿಟಾರ್ ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿ, ನಿಮಿಷಕ್ಕೆ 150 ಬೀಟ್ ದಾಟಿಸುವುದು ಹೇಗೆ ಅಂತ ಕೇಳಿದ್ದೀರಿ. ಇದೇ ಭಾಗವನ್ನು ಇದೇ ಹಟದಿಂದ ನುಡಿಸಲು ಹೋಗಿ ಕಾರ್ಯಕ್ರಮದ ಮುಖ್ಯ ಘಟ್ಟವನ್ನೇ ಕೆಡಿಸಿಕೊಂಡವನು ನಾನು. ವೇಗದ ಮಾತು ಆಮೇಲೆ.

ನಾನು ಅಭ್ಯಾಸ ಮಾಡುತ್ತಿದ್ದುದು ರಾತ್ರಿ ಹೊತ್ತು, ಸಣ್ಣ ಆಂಪ್‌ನಲ್ಲಿ (ಆಂಪ್ಲಿಫೈಯರ್), ಡಿಸ್ಟಾರ್ಷನ್ ಎಷ್ಟು ಅಂತ ತೀರ್ಮಾನಿಸುವ ಗೇನ್ ಗುಂಡಿ 2ಕ್ಕಿಟ್ಟು. ಮೇಲಿನ ಸಾಲು ಎರಡನೇ ತಂತಿಯಲ್ಲಿ, ಕೆಳಗಿನದು ಮೂರನೇ ತಂತಿಯಲ್ಲಿ, ಎರಡರ ನಡುವೆ ಹೆಚ್ಚಾಗಿ ಥರ್ಡ್ ಅಂತರ, ಅಂದರೆ ಸ–ಗ ದೂರ. ಕೇಳಲು ತುಂಬ ಇಂಪಾಗಿತ್ತು. ವೇದಿಕೆಯಲ್ಲಿ ಗೇನ್ 7ಕ್ಕೆ ಹೋಯಿತು. ಒಂಟಿ ಸ್ವರಗಳು ಇರುವವರೆಗೆ ಎಲ್ಲ ಸರಿ. ಎರಡನೇ ಸಾಲು ಸೇರಿದ್ದೇ ತಡ, ಅಡಿಯಿಂದ ಒಂದು ಗುರುಗುಟ್ಟುವ, ಅಪಸ್ವರದ ಸದ್ದು ಎದ್ದಿತು. ತಂತಿ ಇಳಿದಿರಬೇಕು ಅಂದುಕೊಂಡೆ. ಟ್ಯೂನರ್ ಸರಿಯಾಗಿದೆ ಅಂತಲೇ ತೋರಿಸುತ್ತಿತ್ತು. ರಾಗ ಕೇಳಿಸುತ್ತಿಲ್ಲ ಅಂತ ಗೇನ್ ಇನ್ನೂ ಏರಿಸಿದೆ. ಅಲ್ಲಿಗೆ ಉಳಿದಿದ್ದ ರಾಗವೂ ಮುಳುಗಿತು.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಲೆಕ್ಕದ ಸಮೇತ ಹೇಳುತ್ತೇನೆ, ಏಕೆಂದರೆ ಕಾರಣ ಗೊತ್ತಿಲ್ಲದೆ ಪೆಡಲ್ ಬದಲಿಸುತ್ತಾ ಹೋದರೆ ಹಣ ಮಾತ್ರ ಹೋಗುತ್ತದೆ. ಎರಡು ಸ್ವರಗಳು ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ಹೊಕ್ಕರೆ, ಅವೆರಡರ ಕಂಪನಸಂಖ್ಯೆಯ ವ್ಯತ್ಯಾಸಕ್ಕೆ ಸಮನಾದ ಮೂರನೇ ಸ್ವರವೊಂದು ಹುಟ್ಟುತ್ತದೆ. ಪವರ್ ಕಾರ್ಡ್ (ಸ–ಪ ಎರಡೇ ಸ್ವರ ಒಟ್ಟಿಗೆ) ತೆಗೆದುಕೊಳ್ಳಿ: ಇ ಸ್ವರ 82.4 ಹರ್ಟ್ಸ್, ಬಿ 123.5. ವ್ಯತ್ಯಾಸ 41.1, ಅಂದರೆ ಒಂದು ಸ್ಥಾಯಿ ಕೆಳಗಿನ ಇ. ಹೊಸ ಸ್ವರ ಹಳೆಯದಕ್ಕೇ ಬಲ ಕೊಡುತ್ತದೆ, ಆದ್ದರಿಂದಲೇ ರಾಕ್‌ನಲ್ಲಿ ಪವರ್ ಕಾರ್ಡ್ ಅಷ್ಟು ಗಟ್ಟಿ. ಈಗ ಇ ಮೈನರ್‌ನಲ್ಲಿ (ಇದೇ ಯಾಕೆ ಅಂತ ಮುಂದೆ ಹೇಳುತ್ತೇನೆ) ಬರುವ ಜಿ–ಬಿ ಥರ್ಡ್ ನೋಡಿ: 196 ಮತ್ತು 246.9. ವ್ಯತ್ಯಾಸ 50.9. ಇದು ಜಿ (49) ಅಲ್ಲ, ಜಿ-ಶಾರ್ಪ್‌ಗೆ (51.9) ಹತ್ತಿರ. ಇ ಮೈನರ್‌ನಲ್ಲಿ ಜಿ-ಶಾರ್ಪ್‌ನಷ್ಟು ಪರಕೀಯ ಸ್ವರ ಇನ್ನೊಂದಿಲ್ಲ. ಮೈನರ್ ಅನ್ನು ಮೇಜರ್ ಮಾಡುವ ಸ್ವರವೇ ಅದು. ಗಿಟಾರ್‌ನ ಫ್ರೆಟ್‌ಗಳಲ್ಲಿ ಮೇಜರ್ ಥರ್ಡ್ ಶುದ್ಧ ಅಂತರಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ ಅಂತರದ ನೂರರಲ್ಲಿ 14 ಪಾಲು) ಅಗಲ ಇರುವುದರಿಂದ ಈ ಅಪಸ್ವರ. ಮೇಲಾಗಿ ಬೇಸ್ ಗಿಟಾರ್ ಅದೇ ಹೊತ್ತಿಗೆ 49ರ ಜಿ ಹಿಡಿದಿದ್ದರೆ, 50.9ಕ್ಕೂ ಅದಕ್ಕೂ ಸೆಕೆಂಡಿಗೆ ಎರಡು ಸಲ ಗುದ್ದಾಟ. ಆ ದಿನ ನನಗೆ ಕೇಳಿಸಿದ ಗುರುಗುಟ್ಟುವಿಕೆ ಇದೇ. ಗೇನ್ ಹೆಚ್ಚಿದಷ್ಟೂ ಈ ಮೂರನೇ ಸ್ವರ ಹೆಚ್ಚುತ್ತದೆ, ನಾನು ಮಾಡಿದ್ದು ಸರಿಯಾಗಿ ಅದನ್ನೇ.

ಎರಡು ಸಾಲು ಗಾಳಿಯಲ್ಲಿ ಬೆರೆತರೆ ಏನೂ ತೊಂದರೆಯಿಲ್ಲ. ಡಿಸ್ಟಾರ್ಷನ್‌ನ ಒಳಗೆ ಬೆರೆಯಬಾರದು, ಅಷ್ಟೆ. ಎರಡನೇ ಗಿಟಾರ್‌ನವರು ಇದ್ದಾರೆ ಅಂತ ನೀವೇ ಬರೆದಿದ್ದೀರಿ. ಕೆಳಗಿನ ಸಾಲು ಅವರಿಗೆ ಕೊಡಿ, ಅವರದೇ ಪೆಡಲ್, ಅವರದೇ ಆಂಪ್. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಡಿಲೇ (ನುಡಿಸಿದ್ದನ್ನು ತಡವಾಗಿ ಮರುಕೇಳಿಸುವ ಸಾಧನ) ಬಳಸಿ ಒಬ್ಬರೇ ಮೂರು ಸಾಲು ಕಟ್ಟುವಾಗಲೂ ಪ್ರತಿ ಪ್ರತಿಧ್ವನಿಯನ್ನು ಬೇರೆ ಬೇರೆ ಆಂಪ್‌ಗೆ ಕಳಿಸುತ್ತಿದ್ದುದು ಇದಕ್ಕಾಗಿಯೇ. ನುಡಿಸಿದ ಸ್ವರಕ್ಕೆ ಜೊತೆ ಸ್ವರ ಸೇರಿಸುವ ಹಾರ್ಮನೈಸರ್ ಪೆಡಲ್ ಬಳಸುವುದಾದರೆ ಡಿಸ್ಟಾರ್ಷನ್ ಆದ ಮೇಲೆ ಇಡಿ. ಗೇನ್ ಆಂಪ್‌ನದ್ದಾದರೆ ಅದರ ಎಫೆಕ್ಟ್ಸ್ ಲೂಪ್‌ನಲ್ಲಿ, ಅಂದರೆ ಗೇನ್ ಆದ ಮೇಲೆ ಪೆಡಲ್ ಸೇರಿಸುವ ಜಾಗದಲ್ಲಿ. ಒಬ್ಬರೇ ನುಡಿಸಲೇಬೇಕಾದ ಜಾಗ ಬಂದರೆ, ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು 5ಕ್ಕೆ ಇಳಿಸಿ, ಸದ್ದು ತಿಳಿಯಾದ ಮೇಲೆ ಥರ್ಡ್ ನುಡಿಸಿ, ಒಂಟಿ ಸಾಲಿಗೆ ಬಂದಾಗ ಮತ್ತೆ 10.

ಮೂಲ ಜಿ ಮೈನರ್‌ನಲ್ಲಿದೆ. ಅದನ್ನು ಮೂರು ಫ್ರೆಟ್ ಇಳಿಸಿ ಇ ಮೈನರ್ ಮಾಡಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ಪಿಟೀಲಿನಲ್ಲಿ ಜಿ ಮತ್ತು ಡಿ ಎರಡೂ ತೆರೆದ ತಂತಿಗಳು. ಇ ಮೈನರ್‌ಗೆ ಇಳಿಸಿದರೆ ಆ ಜಾಗಕ್ಕೆ ಬರುವ ಇ ಮತ್ತು ಬಿ ಗಿಟಾರ್‌ನಲ್ಲಿ ತೆರೆದ ತಂತಿಗಳೇ. ಒಂದೇ ಸ್ವರಕ್ಕೆ ಮತ್ತೆ ಮತ್ತೆ ಮರಳುವ ಕಡೆ ಬೆರಳಿಗೆ ಬಿಡುವು ಸಿಗುತ್ತದೆ. 22 ಫ್ರೆಟ್ ಗಿಟಾರ್ ಮೇಲಿನ ಡಿಗೆ ಮುಗಿಯುತ್ತದೆ. ಅದನ್ನು ದಾಟುವ ಸಾಲು ಇದ್ದರೆ ಇಡೀ ಸಾಲನ್ನೇ ಒಂದು ಸ್ಥಾಯಿ ಇಳಿಸಿ. ನಡುವೆ ಮುರಿದು ಇಳಿಸಿದರೆ ರಾಗದ ಗೆರೆ ಕಡಿದುಹೋಗುತ್ತದೆ.

ಇನ್ನು ವೇಗ. 150ರಲ್ಲಿ ಬೀಟಿಗೆ ನಾಲ್ಕು ಸ್ವರ ಅಂದರೆ ಸೆಕೆಂಡಿಗೆ 10. ಸಭಾಂಗಣದ ಅನುರಣನ ಒಂದೂವರೆ ಸೆಕೆಂಡ್ ಇದ್ದರೆ ಹದಿನೈದು ಸ್ವರಗಳ ಬಾಲ ಒಂದರ ಮೇಲೊಂದು ಬೀಳುತ್ತದೆ. ಹಿಂದಿನ ಸಾಲಿನವರಿಗೆ ಕೇಳುವುದು ಬರೀ ಗಲಾಟೆ. 120ಕ್ಕೆ ಬನ್ನಿ, ಸೆಕೆಂಡಿಗೆ 8. ಪಿಕ್ ದಪ್ಪ ಒಂದು ಮಿಲಿಮೀಟರ್‌ಗಿಂತ ಮೇಲಿರಲಿ, ಬ್ರಿಜ್ ಕಡೆ ಹೊಡೆಯಿರಿ, ಅಂಗೈ ಅಂಚು ತಂತಿಗೆ ಲಘುವಾಗಿ ತಾಗಿರಲಿ. ಒಂದೊಂದು ಸ್ವರವೂ ಬಿಡಿಯಾಗಿ ಕೇಳಿಸುತ್ತದೆ, ಬಿರುಗಾಳಿಯ ಅಬ್ಬರವೂ ಉಳಿಯುತ್ತದೆ. ಶಾಸ್ತ್ರೀಯ ಕೃತಿ ಅಂದರೆ ವೇಗ ಅನ್ನುವ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ರಿಚಿ ಬ್ಲ್ಯಾಕ್‌ಮೋರ್ ರೇನ್‌ಬೋ ತಂಡದಲ್ಲಿ ಎತ್ತಿಕೊಂಡ ಬೀಥೊವೆನ್‌ನ ಒಂಬತ್ತನೇ ಸಿಂಫನಿಯ ರಾಗದ ಮೊದಲ ಸಾಲಿಗೆ ಬೇಕಾದದ್ದು ಐದೇ ಸ್ವರ. ಜೆಫ್ ಬೆಕ್ ಪುಚ್ಚಿನಿಯ ‘ನೆಸ್ಸುನ್ ದೋರ್ಮಾ’ ನುಡಿಸಿದ್ದು ವಾಲ್ಯೂಮ್ ಗುಂಡಿ ಮತ್ತು ಸ್ವರ ಬಾಗಿಸುವ ಟ್ರೆಮೊಲೊ ತೋಳಿನಿಂದ, ಹಾಡುಗಾರರು ಉಸಿರೆಳೆಯುವ ಹಾಗೆ.

ಡ್ರಮ್ಸ್‌ನವರಿಗೆ ಇದು ಮೂರರ ತಾಳ ಅಂತ ಮೊದಲೇ ಹೇಳಿ, ಮೊದಲ ಎಂಟು ಆವರ್ತ ಹೈ-ಹ್ಯಾಟ್ ಮಾತ್ರ ಸಾಕು. ರಿವರ್ಬ್ (ಕೃತಕ ಅನುರಣನ) ಪೂರ್ತಿ ಆಫ್, ಅದನ್ನು ಸಭಾಂಗಣವೇ ಕೊಡುತ್ತದೆ. ಮಿಡ್ (ಮಧ್ಯಮ ಕಂಪನಗಳ ಗುಂಡಿ) ಮನೆಯಲ್ಲಿ ಇಟ್ಟದ್ದಕ್ಕಿಂತ ಹೆಚ್ಚು, ಗೇನ್ ಮನೆಯಲ್ಲಿ ಇಟ್ಟದ್ದಕ್ಕಿಂತ ಕಡಿಮೆ. ವೇದಿಕೆಯ ಸದ್ದಿಗೇ ಆಂಪ್ ಏರಿಸಿ ಇಡೀ ತಂಡ ಒಮ್ಮೆಯಾದರೂ ಈ ಭಾಗ ನುಡಿಸಿ, ಕೋಣೆಯ ಆ ತುದಿಯಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ. ಎರಡನೇ ಗಿಟಾರ್ ಸೇರುವ ಜಾಗದಲ್ಲಿ ಬೇಸ್ ಸ್ಥಿರವಾಗಿ ನಿಂತಿದೆಯೇ, ತೂಗಾಡುತ್ತಿದೆಯೇ ಅನ್ನುವುದನ್ನು ಕೇಳಿಸಿಕೊಳ್ಳಿ. ತೂಗಾಡಿದರೆ ಇಬ್ಬರ ಗೇನೂ ಇನ್ನೊಂದು ಅಂಕಿ ಕೆಳಗೆ.