45 ಸಾವಿರದ ಗಾಳಿ ಮಷಿನ್, ತಗೋಳ್ಳೂದೋ ಬ್ಯಾಡೋ?

ಪ್ರಶ್ನೆ: ನಮ್ಮದು ವಿದ್ಯಾನಗರದಾಗ ರೋಡಿಗೆ ಹತ್ತಿದ ಮನಿ. ಮುಂಜಾನೆ ಒರಸಿದ ಟೇಬಲ್ ಮ್ಯಾಲೆ ಸಂಜಿಗೆ ಬಟ್ಟಿನಿಂದ ಹೆಸರು ಬರೀಬಹುದು, ಅಷ್ಟು ಧೂಳ. 7 ವರ್ಷದ ಮಗ ಹಾಸಿಗಿಂದ ಎದ್ದ ಕೂಡ್ಲೆ ಸೀನಾಕ ಹತ್ತತಾನ. ನಮ್ಮನಿಯವರು ಬೆಂಗಳೂರಾಗ ಅವರ ಅಣ್ಣನ ಮನ್ಯಾಗ ಡೈಸನ್ ಏರ್ ಪ್ಯೂರಿಫೈಯರ್ ನೋಡಿ ಬಂದಾರ, ಅಂಥಾದ್ದ ಬೇಕು ಅಂತ ಹಟ ಹಿಡದಾರ, ಇಎಂಐ ಮ್ಯಾಲೆ 45 ಸಾವಿರ. ಅಷ್ಟು ರೊಕ್ಕದಾಗ ಒಂದ್ ಎಮ್ಮಿ ಬರ್ತೈತಿ ಅಂತ ನಮ್ಮತ್ತಿಯವರ ಮಾತು. ನೀವರ ಹೇಳ್ರಿ.
— ಓದುಗರು, ಹುಬ್ಬಳ್ಳಿ

ಉತ್ತರ: ಅಕ್ಕಾರ, ಎಮ್ಮಿ ಮಾತು ಬಿಡ್ರಿ, ವಿದ್ಯಾನಗರದಾಗ ಎಲ್ಲಿ ಕಟ್ಟತೀರಿ. ಮಷಿನ್ ಬಗ್ಗೆ ಹೇಳ್ತೀನಿ, ಯಾಕಂದ್ರ ಇಂಥಾವು ನನ್ನ ಟೇಬಲ್ ಮ್ಯಾಲೆ ರಿಪೇರಿಗೆ ಬಂದು ಬಿಚ್ಚಿಸಿಕೊಂಡು ಹೋಗ್ಯಾವ. ಒಳಗ ಏನ್ ಇರತೈತಿ ಗೊತ್ತೇನ್ರಿ, ಒಂದ್ ಫ್ಯಾನ್, ಒಂದ್ ಫಿಲ್ಟರ್, ಧೂಳ ಅಳಿಯೂ ಒಂದ್ ಸಣ್ಣ ಸೆನ್ಸರ್, ಮುಗೀತು. ಗಾಳಿ ಸ್ವಚ್ಛ ಮಾಡೂದು ಆ ಫಿಲ್ಟರ್. ಹೆಪಾ ಎಚ್13 ಅಂತ ಬರದಿದ್ರ ಅತೀ ಸಣ್ಣ ಕಣದಾಗ 99.95 ಪರ್ಸೆಂಟ್ ಹಿಡೀತೈತಿ ಅಂತ ಅರ್ಥ, ಮತ್ತ ಅದ ಎಚ್13 ಹತ್ತು-ಹನ್ನೆರಡು ಸಾವಿರದ ಮಷಿನ್‌ದಾಗೂ ಸಿಗತೈತಿ. ಉಳಿದ ಮೂವತ್ತು ಸಾವಿರ ಎದಕ್ಕ? ಚಂದ ಡಿಸೈನ್, ರಿಮೋಟ್, ಮೊಬೈಲ್ ಆ್ಯಪ್, ಮತ್ತ ಆ ರೆಕ್ಕಿ ಇಲ್ಲದ ಫ್ಯಾನ್. ರೆಕ್ಕಿ ಇರತಾವ್ರಿ, ಕೆಳಗ ಬುಡದಾಗ ಮುಚ್ಚಿಟ್ಟಿರತಾರ ಅಷ್ಟ. ಅದು ಗಾಳಿ ಬೀಸತೈತಿ, ತಂಪ್ ಮಾಡಂಗಿಲ್ಲ, ಎಸಿ ಅಂತ ತಿಳಕೊಂಡು ತಂದು ಆಮ್ಯಾಲೆ ಮಾರಿ ಸಣ್ಣ ಮಾಡಿದವರನ್ನ ನೋಡೀನಿ.

ಡೈಸನ್‌ಗೆ ಬೈಯಾಕತ್ತೀನಿ ಅಂತ ತಿಳಕೋಬ್ಯಾಡ್ರಿ. ಇಂಗ್ಲೆಂಡಿನ ಆ ಜೇಮ್ಸ್ ಡೈಸನ್ ಚೀಲ ಇಲ್ಲದ ವ್ಯಾಕ್ಯೂಮ್ ಮಾಡೂದ್ರೊಳಗ 5,127 ಮಾದರಿ ಕಟ್ಟಿದ ಮನಷ್ಯಾ, ಅಂಥಾ ಹಟಕ್ಕ ಎರಡು ರೂಪಾಯಿ ಜಾಸ್ತಿ ಕೊಟ್ರ ತಪ್ಪೇನಿಲ್ಲ. ಆದ್ರ ಅದು ವ್ಯಾಕ್ಯೂಮಿನ ಕತಿ. ಪ್ಯೂರಿಫೈಯರ್‌ನ್ಯಾಗ ಅಂಥಾ ಜಾದು ಕಡಿಮಿ, ಅಲ್ಲಿ ನೋಡಬೇಕಾದ್ದು ಸಿಎಡಿಆರ್ ಅನ್ನೂ ನಂಬರ್, ಅಂದ್ರ ತಾಸಿಗೆ ಎಷ್ಟು ಘನ ಮೀಟರ್ ಸ್ವಚ್ಛ ಗಾಳಿ ಕೊಡತೈತಿ ಅಂತ. ನಿಮ್ಮ ಮಗ ಮಲಗೂ ಖೋಲಿ 12ಕ್ಕ 10 ಫೂಟ್, ಎತ್ತರ 10 ಅಂತ ಹಿಡೀರಿ, ಸುಮಾರು 34 ಘನ ಮೀಟರ್ ಆತು, ಅಷ್ಟೂ ಗಾಳಿ ತಾಸಿಗೆ ಐದು ಸಲ ತಿರುಗಬೇಕಂದ್ರ 170. ಡಬ್ಬಿ ಮ್ಯಾಲೆ 200ರ ಮ್ಯಾಲಿದ್ರ ಸಾಕ್ರಿ. ಇನ್ನ ಫಿಲ್ಟರ್ ರೇಟ್ ಮೊದಲ ಕೇಳ್ರಿ, ಅಂಗಡಿಯವರು ತಾವಾಗೇ ಹೇಳಂಗಿಲ್ಲ. ನಮ್ಮ ಕಡೆ ಧೂಳಿಗೆ ವರ್ಷಕ್ಕೊಂದು ಬದಲಿಸೂದ ಗ್ಯಾರಂಟಿ ಅಂತ ಇಟ್ಕೋರಿ. ಕರೆಂಟ್ ಬಗ್ಗೆ ಚಿಂತಿ ಬ್ಯಾಡ, 40 ವಾಟಿಂದು ದಿನಾ 10 ತಾಸು ಹಚ್ಚಿದ್ರ ತಿಂಗಳಿಗೆ 12 ಯೂನಿಟ್.

ಒಬ್ಬರು ಎಂಟು ತಿಂಗಳು ಓಡಿಸಿ, ಇದು ಕೆಲಸನ ಮಾಡವಲ್ದು ಅಂತ ತಂದಿದ್ರು, ತಗದು ನೋಡಿದ್ರ ಫಿಲ್ಟರಿನ ಪ್ಲಾಸ್ಟಿಕ್ ಕವರೇ ಬಿಚ್ಚಿಲ್ಲ! ನಗಬ್ಯಾಡ್ರಿ, ನೀವೂ ಹಿಂದಿನ ಮುಚ್ಚಳ ತಗದು ನೋಡ್ರಿ.

ಈಗ ಅಸಲಿ ಮಾತು. ನೀವು ಹೆಸರು ಬರೆಯೂ ಧೂಳ ಐತೆಲ್ಲ, ಅದನ್ನ ಯಾವ ಪ್ಯೂರಿಫೈಯರೂ ಹಿಡಿಯಂಗಿಲ್ಲ. ಅದು ಭಾರ, ಮಷಿನ್ ಎಳಕೊಳ್ಳೂದ್ರಾಗ ನೆಲಕ್ಕ ಕುಂತಿರತೈತಿ. 2019ರಾಗ ಸುರು ಆದ ರಾಷ್ಟ್ರೀಯ ಸ್ವಚ್ಛ ಗಾಳಿ ಕಾರ್ಯಕ್ರಮದಾಗ ರಾಜ್ಯದ ನಾಕು ಊರು ಅದಾವ, ಬೆಂಗಳೂರು, ದಾವಣಗೆರೆ, ಕಲಬುರಗಿ ಜೊತಿ ನಮ್ಮ ಹುಬ್ಬಳ್ಳಿ-ಧಾರವಾಡನೂ, ಮತ್ತ ಇಲ್ಲಿ ದೊಡ್ಡ ತಕರಾರು ಈ ರೋಡಿನ ಧೂಳಿಂದ. ಅದಕ್ಕ ಮದ್ದು ರೋಡಿನ ಕಡೆ ಕಿಡಕಿ ಮುಚ್ಚೂದು, ಒಣ ಕಸಬರಗಿಲೆ ಹೊಡೆದು ಧೂಳ ಎಬ್ಬಿಸೂ ಬದ್ಲಿ ಹಸಿ ಅರಿವಿಲೆ ಒರಸೂದು. ಪ್ಯೂರಿಫೈಯರ್ ಖರೇ ಕೆಲಸ ಮಾಡೂದು ಹೊಗಿ ಮ್ಯಾಲೆ, ಊದಿನಕಡ್ಡಿ, ಒಗ್ಗರಣಿ, ಓಣ್ಯಾಗ ಯಾರೋ ಕಸ ಸುಡೂದು, ಗಾಡಿ ಹೊಗಿ. ಇನ್ನ ಮಗ ಎದ್ದ ಕೂಡ್ಲೆ ಸೀನತಾನ ಅಂದ್ರ ನನಗ ಮೊದಲ ಡೌಟು ಗಾದಿ, ತಲದಿಂಬು, ಕೌದಿ ಮ್ಯಾಲೆ. ಅದ್ರಾಗಿನ ಕಣ್ಣಿಗೆ ಕಾಣದ ಹುಳಾ ಗಾಳ್ಯಾಗ ಹಾರ್ಯಾಡಂಗಿಲ್ಲ, ಅರಿವ್ಯಾಗ ಇರತಾವ. ಕವರು, ಚಾದರ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಾಗ ಒಗೀರಿ, ಕೌದಿ ಮಾಳಿಗಿ ಮ್ಯಾಲೆ ಬಿಸಲಿಗೆ ಹಾಕಿ ಅಲ್ಲೇ ಝಾಡಸ್ರಿ, ಹುಡುಗನ್ನ ಒಮ್ಮೆ ಡಾಕ್ಟರಿಗೆ ತೋರಸ್ರಿ. ಒಂದ್ ತಿಂಗಳು ಇಷ್ಟು ಮಾಡಿ ಆಮ್ಯಾಲೂ ಬೇಕನ್ನಿಸಿದ್ರ ಹನ್ನೆರಡು ಸಾವಿರದ್ದು ಒಂದು ತಂದು ಅವನ ಖೋಲ್ಯಾಗಷ್ಟ ಇಡ್ರಿ. ನಿಮ್ಮನಿಯವರಿಗೆ ಈ ಪುಟಾ ಓದಸ್ರಿ, ಸಿಟ್ಟಾದ್ರ ನನ್ನ ಮ್ಯಾಲೆ ಆಗಲಿ.

ಪ್ರಶ್ನೆ: ಧಾರವಾಡ ಮಾಳಮಡ್ಡಿಯೊಳಗ ನಮ್ಮದು ಹಳೇ ಮನಿ, ನಾವಿಬ್ಬರ ರಿಟೈರ್ಡ್ ಮಾಸ್ತರ್‌ಗೋಳು. ಅಮೆರಿಕಾದಾಗಿರೂ ಮಗ ಬರೂವಾಗ ದುಬಾರಿ ರೋಬೋ ವ್ಯಾಕ್ಯೂಮ್ ತರ್ತೀನಿ ಅನ್ನಾಕತ್ಯಾನ. ತರಸಬೇಕೋ ಬ್ಯಾಡೋ?

ಉತ್ತರ: ಸರ್, ಮೊದಲ ಹೊಸ್ತಿಲ ಅಳೀರಿ. ಈ ರೋಬೋಗಳು ಬಾಳ ಮಟ್ಟಿಗೆ 2 ಸೆಂಟಿಮೀಟರ್ ಹತ್ತತಾವ, ಮಾಳಮಡ್ಡಿ ಮನಿ ಹೊಸ್ತಿಲಂದ್ರ ಎಡವಿದ್ರ ಬಟ್ಟ ಒಡಿಯೂವಂಥಾವು, ಒಂದೊಂದ್ ಖೋಲಿಗೆ ನೀವ ಎತ್ತಿ ಎತ್ತಿ ಇಡಬೇಕಾಗತೈತಿ. ಅಂಗಳಕ್ಕ ಬಿಟ್ರ ಅಕ್ಕಾರು ಹಾಕಿದ ರಂಗೋಲಿನೂ ಕಸ ಅಂತ ನುಂಗತೈತಿ. ಇನ್ನ ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮದು 230. ಚಾರ್ಜರ್ ಮ್ಯಾಲೆ 100-240 ಅಂತ ಬರದಿದ್ರ ನಡೀತೈತಿ, ಬರೇ 120 ಇದ್ರ ಹಚ್ಚಿದ ಕೂಡ್ಲೆ ಹೊಗಿ, ಆ ಚಾರ್ಜರು ಇಲ್ಲಿ ಸಿಗೂದೂ ಕಷ್ಟ.

ಆದ್ರ ಒಂದ್ ಮಾತು, ನಿಮಗ ಬೆನ್ನು ಮಣಕಾಲು ನೋವಿದ್ರ ಹಗೂರಾದ ವೈರ್ ಇಲ್ಲದ ಕೈ ವ್ಯಾಕ್ಯೂಮ್, ಅದಕ್ಕ ರೊಕ್ಕ ಜಾಸ್ತಿ ಹೋದ್ರೂ ನಾ ಬ್ಯಾಡ ಅನ್ನಂಗಿಲ್ಲ. ಬಗ್ಗೂದು ತಪ್ಪತೈತಿ, ದಿನಾ ಕೈಗೆ ಬರತೈತಿ. ದೊಡ್ಡ ವೈರಿನ ಮಷಿನ್ ದೀಪಾವಳಿಗೊಮ್ಮೆ ಅಟ್ಟದ ಮ್ಯಾಲಿಂದ ಇಳಿಯೂದು ನಿಮಗೂ ಗೊತ್ತು. 60 ಮಿನಿಟ್ ಬ್ಯಾಟರಿ ಅಂತ ಬರದಿರತಾರ, ಅದು ಕಡಿಮಿ ಸ್ಪೀಡಿನ ಲೆಕ್ಕ, ಫುಲ್ ಜೋರ ಇಟ್ರ ಹತ್ತು ಮಿನಿಟ್‌ನ್ಯಾಗ ಉಸರ ಬಿಡತೈತಿ. ಮೂರ್ನಾಕು ವರ್ಷಕ್ಕ ಬ್ಯಾಟರಿ ಕೈ ಕೊಡತಾವ, ಬ್ಯಾಟರಿ ಬ್ಯಾರೆ ಸಿಗೂ ಮಾಡೆಲ್‌ನ ತಗೋರಿ, ಮತ್ತ ಇಲ್ಲೇ ತಗೋರಿ.

ಪ್ರಶ್ನೆ: ಬ್ಯಾಡಗಿ ಮಾರ್ಕೆಟ್ ಹತ್ತಿರ ನಮ್ಮ ಅಂಗಡಿ, ಸೀಜನ್‌ನ್ಯಾಗ ಮೆಣಸಿನಕಾಯಿ ಘಾಟಿಗೆ ಕೆಮ್ಮು. ದೊಡ್ಡ ಪ್ಯೂರಿಫೈಯರ್ ಹಚ್ಚಲೇನು?

ಉತ್ತರ: ಶಟರ್ ತಗದ ಅಂಗಡ್ಯಾಗ ಲಕ್ಷ ರೂಪಾಯಿದು ಹಚ್ಚಿದ್ರೂ ಇಡೀ ಮಾರ್ಕೆಟ್ ಗಾಳಿ ಸೋಸಿಧಂಗ ಆಗತೈತ್ರಿ. ಕೆಮ್ಮು ಬರಸೂದು ಸಣ್ಣ ಪುಡಿ, ಅದನ್ನ ಎನ್95 ಮಾಸ್ಕ್ ಹಿಡೀತೈತಿ, ಹೊರಗ ನೂಕಾಕ ಒಂದ್ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಚ್ರಿ. ಬಾಗಲಾ ಮುಚ್ಚೂ ಸಣ್ಣ ಆಫೀಸ್ ಖೋಲಿ ಇದ್ರ ಅಲ್ಲಿ ಸಾದಾ ಹೆಪಾ ಮಷಿನ್ ಇಡಬಹುದು, ಫಿಲ್ಟರ್ ಮಾತ್ರ ಸೀಜನ್ ಮುಗಿಯೂದ್ರಾಗ ತುಂಬಿರತೈತಿ.

ಪ್ರಶ್ನೆ: ಗದಗಿನ್ಯಾಗ ಏರ್ ಕೂಲರಿಗೇ ಹೆಪಾ ಐತಿ ಅಂತ 4 ಸಾವಿರ ಜಾಸ್ತಿ ಕೇಳಾಕತ್ತಾರ.

ಉತ್ತರ: ಕೊಡಬ್ಯಾಡ್ರಿ. ಕೂಲರ್ ನಡಿಯೂದ ಕಿಡಕಿ ತಗದಿಟ್ಟಾಗ, ಹೆಪಾ ನಡಿಯೂದು ಕಿಡಕಿ ಮುಚ್ಚಿದಾಗ. ನಿಮ್ಮ ಏಪ್ರಿಲ್‌ದ ಒಣ ಬಿಸಲಿಗೆ ಸಾದಾ ಕೂಲರ್ ಬೆಸ್ಟ್, ಆ 4 ಸಾವಿರದಾಗ ಪ್ಯಾಡ್ ಬದಲಿಸಾಕ ಒಂದಿಷ್ಟು ತಗದಿಡ್ರಿ, ಮತ್ತ ಟಾಕಿ ನೀರು ಎರಡು ದಿನಕ್ಕೊಮ್ಮೆ ಚೆಲ್ರಿ, ಸೊಳ್ಳಿ ಆಗತಾವ.